ಕಟ್ಟಡ ಸಾಮಗ್ರಿಯ ಪರಿಸರ ಲೆಕ್ಕ ಹಾಕುವುದು ಹೇಗೆ?

ಕಿಲೋ ಕಾಂಕ್ರೀಟಿಗೆ ಎಷ್ಟು ಕಾರ್ಬನ್ (ಅಂದರೆ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್ ಲೆಕ್ಕ), ಕಿಲೋ ಉಕ್ಕಿಗೆ ಎಷ್ಟು ಅಂತ ಹೋಲಿಸಲು ಕೂತರೆ ಶುರುವಿನಲ್ಲೇ ಎಡವಿದ ಹಾಗೆ. ಕಿಲೋ ಲೆಕ್ಕದಲ್ಲಿ ಉಕ್ಕು ತುಂಬಾ ಜಾಸ್ತಿ ಕಾಣುತ್ತದೆ ನಿಜ, ಆದರೆ ಅಷ್ಟೇ ಭಾರ ಹೊರಲು ಉಕ್ಕು ಸ್ವಲ್ಪ ಸಾಕು, ಕಾಂಕ್ರೀಟ್ ರಾಶಿಗಟ್ಟಲೆ ಬೇಕು. ಅದಕ್ಕೇ ಮೊದಲು ಆಗಬೇಕಾದ ಕೆಲಸ ಏನು, ಎಷ್ಟು ವರ್ಷಕ್ಕೆ ಅಂತ ಬರೆದುಕೊಳ್ಳಿ. ‘ಒಂದು ಚದರ ಮೀಟರ್ ನೆಲ, 60 ವರ್ಷ.’ ಇಷ್ಟು ಸಾಕು.

ಅಂಕಿಗಳು ಸಿಗುವುದು ತಯಾರಕರು ಕೊಡುವ ಇಪಿಡಿ ಎಂಬ, ಉತ್ಪನ್ನದ ಪರಿಸರ ಪರಿಣಾಮ ತಿಳಿಸುವ ಘೋಷಣಾಪತ್ರದಲ್ಲಿ. ಅದರಲ್ಲಿ ಎ ಸಾಲು ಅಂದರೆ ತಯಾರಿಕೆ, ಸಾಗಣೆ, ಕಟ್ಟುವುದು. ಬಿ ಬಳಕೆಯ ಕಾಲ. ಸಿ ಕೆಡವಿ ವಿಲೇವಾರಿ ಮಾಡುವುದು. ಮರುಬಳಕೆಯ ಲಾಭ ಡಿ ಸಾಲಿಗೆ ಹೋಗುತ್ತದೆ, ಅದನ್ನು ಉಳಿದ ಮೊತ್ತದಿಂದ ಸುಮ್ನೆ ಕಳೆದುಬಿಡಬೇಡಿ. ಘಟಕ ಕಿಲೋನಾ, ಘನ ಮೀಟರಾ ಅಂತಲೂ ನೋಡಿಕೊಳ್ಳಿ.

ಎಲ್ಲರೂ ಮರೆಯುವುದು ಬಿ ಸಾಲನ್ನು. ನಾನೂ ಮೊದಲ ಸಲ ಲೆಕ್ಕ ಹಾಕಿದಾಗ ನೆಲಹಾಸನ್ನು ಒಂದೇ ಸಲ ಎಣಿಸಿ ಖುಷಿಪಟ್ಟಿದ್ದೆ! ಒಂದು ನೆಲಹಾಸಿಗೆ ಚದರ ಮೀಟರಿಗೆ 8 ಕಿಲೋ ಕಾರ್ಬನ್, ಬಾಳಿಕೆ 15 ವರ್ಷ ಅಂದುಕೊಳ್ಳಿ. ಇನ್ನೊಂದಕ್ಕೆ 20 ಕಿಲೋ, ಆದರೆ ಅದು 60 ವರ್ಷ ಬಾಳುತ್ತದೆ. ಮೊದಲನೆಯದನ್ನು ಒಟ್ಟು 4 ಸಲ ಹಾಕಬೇಕು, ಅಲ್ವಾ? 32 ಕಿಲೋ ಆಯಿತು, ಅದೂ ಪ್ರತಿ ಸಲದ ಅಂಟು, ಕಿತ್ತ ಕಸ ಸೇರಿಸದೆ.

ಸಿಮೆಂಟಿನದು ಬೇರೆ ಕಥೆ. ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ 100 ಕಿಲೋ ಸುಟ್ಟರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಕಲ್ಲಿನೊಳಗಿಂದಲೇ ಬರುತ್ತದೆ, ಗೂಡನ್ನು ಎಂಥ ಹಸಿರು ಇಂಧನದಿಂದ ಉರಿಸಿದರೂ ಅದು ತಪ್ಪುವುದಿಲ್ಲ. ಹಾಗಾಗಿ ಕಲ್ಲಿದ್ದಲ ಹಾರುಬೂದಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿ ಕ್ಲಿಂಕರ್, ಅಂದರೆ ಹೀಗೆ ಸುಟ್ಟು ಮಾಡಿದ ಸಿಮೆಂಟಿನ ಮೂಲವಸ್ತು, ಎಷ್ಟು ಕಡಿಮೆ ಮಾಡಿದ್ದಾರೆ ಅಂತ ಕೇಳಿ. ಮರಳು, ಜಲ್ಲಿಯಂಥವಕ್ಕೆ ತಯಾರಿಕೆಗಿಂತ ಲಾರಿಯ ದೂರವೇ ಮುಖ್ಯವಾಗಬಹುದು.

ಇನ್ನು ಮರ. ಅಲ್ಲಿ ಮೈನಸ್ ಅಂಕಿ ಕಂಡ ಕೂಡಲೇ ಹಿಗ್ಗಬೇಡಿ. ಬೆಳೆಯುವಾಗ ಹೀರಿದ ಕಾರ್ಬನ್ ಎ ಸಾಲಿನಲ್ಲಿ ಮೈನಸ್ ಆಗಿ ಕೂತಿರುತ್ತದೆ, ಕೊನೆಗೆ ಸುಟ್ಟಾಗ ಸಿ ಸಾಲಿನಲ್ಲಿ ವಾಪಸ್ ಬರುತ್ತದೆ. ಸಿ ಖಾಲಿ ಬಿಟ್ಟಿದ್ದರೆ ತಯಾರಕರಿಗೆ ಬರೆದು ಕೇಳಿ, ಸಿಗುವ ತನಕ ಆ ಮೈನಸ್ಸನ್ನು ಸೊನ್ನೆ ಅಂತ ಹಿಡಿಯಿರಿ.