ಗುಂಪು ಕಟ್ಟಿಕೊಂಡು ಬೀದರ್ ಕೋಟೆಯಿಂದ ಮಾಂಜ್ರಾ ದಂಡೆಗೆ

ಬೀದರಿನವರಿಗೆ ಗುಡ್ಡ ಹತ್ತೋ ಕೆಲಸ ಇಲ್ಲ, ಊರೇ ಗುಡ್ಡದ ಮೇಲಿದೆ. ಹಾಗಾಗಿ ನಮ್ಮ ನಡಿಗೆ ಇಳಿಜಾರಿನಿಂದಲೇ ಶುರು. ಬೆಳಿಗ್ಗೆ ಆರಕ್ಕೆ ಕೋಟೆ ಹತ್ತಿರ ಸೇರಿ ಅಷ್ಟೂರಿಗೆ ಇಳಿಯುತ್ತೇವೆ. ಅಲ್ಲಿಂದ ಹೊಲಗಳ ನಡುವೆ ಮಾಂಜ್ರಾ ದಂಡೆಗೆ. ವಾಪಸ್ ಬರುವುದು ಬಸ್ಸಿನಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡ ಹತ್ತಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ದಾರಿ ಆರಿಸುವಾಗ ನಾನು ನೋಡುವುದು ಮಣ್ಣು. ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಕರಿಕಲ್ಲು. ಮಳೆ ನೀರು ತೂತು ತೂತಾದ ಜಂಬಿಟ್ಟಿಗೆಯೊಳಗೆ ಇಳಿಯುತ್ತದೆ. ಕರಿಕಲ್ಲು ಸಿಕ್ಕ ಮೇಲೆ ಕೆಳಗೆ ಹೋಗಲಾರದೆ ಪಕ್ಕಕ್ಕೆ ಹರಿದು, ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಪಾಪನಾಶ, ನರಸಿಂಹ ಝರಣಿ ಎಲ್ಲ ಇದೇ ಲೆಕ್ಕ. ನೌಬಾದಿನಲ್ಲಿ ಕರೇಜ್, ಅಂದರೆ ನೆಲದಡಿ ನೀರು ಹರಿಸುವ ಸುರಂಗ, ತೋಡಿದವರು ಹುಡುಕಿದ್ದೂ ಈ ನೀರನ್ನೇ. ಹೊಸಬರು ಬಂದರೆ ಕೈಗೊಂದು ಕೆಂಪು ಕಲ್ಲು ಕೊಟ್ಟು, ಬಾಟಲಿಯ ನೀರು ಸುರಿಯಿರಿ ಎನ್ನುತ್ತೇನೆ. ಕಲ್ಲು ನೀರು ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆ ಭಾಷಣ ಯಾಕೆ?

ಇಳಿಯುವಾಗ ಗರಸು ಕಾಲಡಿ ಉರುಳುತ್ತದೆ, ಚಪ್ಪಲಿ ಬೇಡ. ದಾರಿ ಗೊತ್ತಿರುವ ಒಬ್ಬರು ಮುಂದೆ, ಗಟ್ಟಿಗರೊಬ್ಬರು ಕೊನೆಗೆ. ಆ ಕೊನೆಯವರ ಹಿಂದೆ ಯಾರೂ ಉಳಿಯುವಂತಿಲ್ಲ. ಫೋಟೊ ತೆಗೆಯುವವರು ಉಳಿದೇ ಉಳಿಯುತ್ತಾರೆ, ಬೈದರೂ ಅಷ್ಟೇ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಅಹ್ಮದ್ ಶಾ ವಲಿಯ ಗುಮ್ಮಟದೊಳಗಿನ ಬಣ್ಣದ ಕೆಲಸ ಒಳಗೆ ಹೋದ ಕೂಡಲೇ ಕಾಣುವುದಿಲ್ಲ. ಕತ್ತಲಿಗೆ ಕಣ್ಣು ಹೊಂದುವ ತನಕ ಎಲ್ಲರನ್ನೂ ಸುಮ್ನೆ ನಿಲ್ಲಿಸುತ್ತೇನೆ. ಅವನನ್ನು ಅಲ್ಲಮಪ್ರಭು ಎಂದೇ ನಂಬುವವರಿದ್ದಾರೆ, ಉರುಸಿಗೆ ಜಂಗಮರು ಬರುತ್ತಾರೆ. ಸಿಡಿಲು ಬಡಿದು ಅರ್ಧ ಬಿದ್ದಿರುವ ಬಹಮನಿ ಸುಲ್ತಾನ ಹುಮಾಯೂನನ ಗೋರಿ ನನಗೆ ಇನ್ನೂ ಇಷ್ಟ. ಗುಮ್ಮಟ ಎಷ್ಟು ದಪ್ಪ ಅಂತ ಆ ಸೀಳಿನಲ್ಲೇ ನೋಡಬಹುದು.

ಮುಂದೆ ಎರೆಭೂಮಿ. ಮಳೆಯ ಮರುದಿನ ಇತ್ತ ತಲೆ ಹಾಕಬೇಡಿ, ಬೂಟಿಗೆ ಮೆತ್ತಿದ ಮಣ್ಣು ಹೊತ್ತು ನಡೆಯುವುದರಲ್ಲೇ ಜೀವ ಹೋಗುತ್ತದೆ. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯಬೇಕು. ಕಡಲೆ ಗಿಡಕ್ಕೆ ಕೈ ಹಾಕಬಾರದು. ಕೇಳಿದರೆ ಹೊಲದವರೇ ಕೊಡುತ್ತಾರೆ, ಅಲ್ವಾ?

ಎಳ್ಳ ಅಮಾವಾಸ್ಯೆ ಆಸುಪಾಸು ಒಳ್ಳೆಯ ಕಾಲ. ಜೋಳ ನಿಂತಿರುತ್ತದೆ, ಬಿಸಿಲೂ ಹಗುರ. ಆದರೆ ಹಬ್ಬದ ದಿನವೇ ಹೊರಟರೆ ನದಿ ಮುಟ್ಟುವುದು ಅನುಮಾನ. ಹೊಲ ಹೊಲದಲ್ಲೂ "ಬರ್ರಿ ಕಾಕಾ, ಉಂಡು ಹೋಗ್ರಿ" ಎಂದು ಕೂರಿಸುತ್ತಾರೆ. ಸಜ್ಜೆ ರೊಟ್ಟಿ, ಸೊಪ್ಪು ಹಸಿಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಮೇಲೆ ಅಂಬಲಿ. ಇಷ್ಟು ಉಂಡು ಯಾರು ನಡೆಯುತ್ತಾರೆ? ಬೇರೆ ದಿನ ಬುತ್ತಿ ನಮ್ಮದೇ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನೀರು ತಲೆಗೆ ಎರಡು ಲೀಟರ್.

ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ ಗೋದಾವರಿ ಸೇರುವ ನದಿ. ದಂಡೆಯ ಮಣ್ಣು ಸಡಿಲ, ಅಂಚಿಗೆ ಹೋಗಬಾರದು. ಎಷ್ಟೇ ಬೇಡಿಕೊಂಡರೂ ಈಜಲು ಬಿಡುವುದಿಲ್ಲ. ಉಂಡು, ತಲೆ ಎಣಿಸಿ, ಔರಾದ ರಸ್ತೆಗೆ ಬಂದು ಬಸ್ ಹಿಡಿಯುತ್ತೇವೆ. ಹದಿನೈದು ಜನಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ದಿನವೇ ಒಂದು ಟಂಟಂ ಆಟೋಗೆ ಹೇಳಿಡುತ್ತೇನೆ.