ಏಳು ಚೌಕದ ದಾವಣಗೆರೆ

1988ರ ಬೇಸಿಗೆ ರಜೆ. ಹೊರದೇಶದಲ್ಲಿದ್ದ ಸೋದರಮಾವ ದಾವಣಗೆರೆಗೆ ಬಂದಾಗ ತಾವು ಬಳಸಿ ಬಿಟ್ಟಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆ ಕಂಪ್ಯೂಟರ್ ತಂದುಕೊಟ್ಟರು. ರಬ್ಬರ್ ಕೀಗಳ ಪುಟ್ಟ ಡಬ್ಬಿ, 48 ಕೆಬಿ ಮೆಮೊರಿ. ಮನೆಯ ಟಿವಿಯೇ ಅದಕ್ಕೆ ಪರದೆ. ಚಾನೆಲ್ ಹಿಡಿಯೋದಕ್ಕೇ ಒಂದು ಸಂಜೆ ಹೋಯಿತು.

ಆಟಗಳು ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿಗೆ ಹಾಕಿದರೆ ಲೋಡ್ ಆಗಲು ಸುಮಾರು ಐದು ನಿಮಿಷ. ಮೊದಲು ಕೂ ಅಂತ ಒಂದೇ ರಾಗ, ಆಮೇಲೆ ಕಿವಿ ಗೀರುವ ಸದ್ದು. "ಏನಲೇ ತಮ್ಮಾ, ಮಂಡಕ್ಕಿ ಭಟ್ಟೀನ ಮನಿಯಾಗೇ ಇಟ್ಟೀಯೇನು?" ಅನ್ನೋರು ಅಜ್ಜಿ. ಇಷ್ಟೆಲ್ಲ ಆಗಿ ಕೊನೆಗೆ 'ಟೇಪ್ ಲೋಡಿಂಗ್ ಎರರ್'!

ರೆಕಾರ್ಡರಲ್ಲಿ ಟೇಪನ್ನು ಓದುವ ಹೆಡ್ ಪಕ್ಕ ಸಣ್ಣ ಸ್ಕ್ರೂ ಇರುತ್ತೆ, ಅದನ್ನು ತಿರುಗಿಸು ಅಂತ ರೇಡಿಯೋ ರಿಪೇರಿಯವರು ಹೇಳಿಕೊಟ್ಟರು. ಸದ್ದು ಮಂಕಾಗಿದ್ದರೆ ಹೆಡ್ ಓರೆಯಾಗಿದೆ ಅಂತ. ಕಿವಿಗೆ ಚುಚ್ಚುವಷ್ಟು ಚುರುಕಾದಾಗ ನಿಲ್ಲಿಸಬೇಕು. ಆಟ ಲೋಡ್ ಆಯಿತು. ಆದರೆ ಅದೇ ರೆಕಾರ್ಡರಲ್ಲಿ, ಹೆಡ್ ಓರೆಯಿದ್ದಾಗಲೇ ಅಪ್ಪ ತುಂಬಿಸಿಕೊಂಡಿದ್ದ ಭಜನೆಗಳೆಲ್ಲ ಮಂಕಾದವು. ಯಾಕೆ ಅಂತ ನಾನು ಬಾಯಿ ಬಿಡಲಿಲ್ಲ.

ಆಟ ಸಾಕಾದ ಮೇಲೆ ಕನ್ನಡ ಬರೆಸುವ ಹುಚ್ಚು ಹಿಡಿಯಿತು. ನಾವೇ ಬಿಡಿಸುವ ಅಕ್ಷರಗಳಿಗೆ ಸ್ಪೆಕ್ಟ್ರಮ್‌ನಲ್ಲಿ 21 ಜಾಗ ಇವೆ. ಒಂದೊಂದೂ 8 ಸಾಲು, ಸಾಲಿಗೆ 8 ಚುಕ್ಕಿ. ಚೌಕುಳಿ ನೋಟ್‌ಬುಕ್ಕಿನಲ್ಲಿ ಅಕ್ಷರ ಬಿಡಿಸಿ, ತುಂಬಿದ ಮನೆಗೆ 1, ಖಾಲಿ ಮನೆಗೆ 0 ಬರೆಯುತ್ತಿದ್ದೆ. ಆ ಸಾಲುಗಳನ್ನು ಮೆಮೊರಿಯ 65368ನೇ ವಿಳಾಸದಿಂದ ಒಂದೊಂದಾಗಿ ಪೋಕ್ ಮಾಡುತ್ತಾ, ಅಂದರೆ ನೇರ ಮೆಮೊರಿಗೇ ಬರೆಯುತ್ತಾ ಹೋಗೋದು.

'ವ' ಸಲೀಸು. 'ಣ' ಮಾತ್ರ ಸತಾಯಿಸಿತು. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಮನೆ, ನಮ್ಮ ಸುರುಳಿಗಳಿಗೆ ಎಲ್ಲಿ ಸಾಲುತ್ತೆ ಹೇಳಿ? 'ಗೆ'ಯ ಎತ್ವಕ್ಕೆ ಮೇಲೆ ಎರಡು ಸಾಲು ಬಿಟ್ಟರೆ ಕೆಳಗಿನ 'ಗ' ಕುಳ್ಳಗಾಗಿ ಸೇತುವೆ ಥರ ಕಾಣುತ್ತಿತ್ತು. ಕೊನೆಗೆ 'ದಾ'ಗೂ 'ಣ'ಗೂ ಎರಡೆರಡು ಚೌಕ ಕೊಟ್ಟೆ. ಒಟ್ಟು ಏಳು ಚೌಕದಲ್ಲಿ 'ದಾವಣಗೆರೆ' ಟಿವಿ ಮೇಲೆ ಬಂತು. ಅಜ್ಜಿ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದರು. ಆ ಖುಷಿ ಯಾವ ಆಟದಲ್ಲೂ ಸಿಕ್ಕಿರಲಿಲ್ಲ.

ಉಳಿದ 14 ಜಾಗದಲ್ಲಿ ಕಾಗುಣಿತ ಎಲ್ಲಿಂದ ಹಿಡಿಸೋದು? ಈ ಅಕ್ಷರಗಳು ಎಲ್ಲಿಂದ ಶುರು ಅಂತ ಮೆಮೊರಿಯ 23675ರಲ್ಲಿ ಇಟ್ಟಿರುವ ವಿಳಾಸ ಬದಲಿಸಿದರೆ ಇನ್ನೊಂದು 21ರ ಕಂತೆ ಸಿಗುತ್ತೆ ಅಂತ ತಿಳಿಯೋಕೆ ತಿಂಗಳೇ ಹಿಡಿಯಿತು. ತಕ್ಷಣ 'ಚಿತ್ರದುರ್ಗ ಜಿಲ್ಲೆ'ಗೆ ಕೈ ಹಾಕಿದೆ. ಆಗ ನಮ್ಮ ಅಂಚೆ ವಿಳಾಸ ಹಾಗೇ ಅಲ್ವಾ? ಒತ್ತಕ್ಷರಗಳನ್ನು ಕೆಳಗಿನ ಸಾಲಿನ ಚೌಕಕ್ಕೆ ಇಳಿಸಿ 'ತ್ರ' ಮುಗಿಸುವಷ್ಟರಲ್ಲಿ ಕರೆಂಟ್ ಹೋಯಿತು. ಸೇವ್ ಮಾಡಿರಲಿಲ್ಲ. ಮತ್ತೆ ಕೂರೋಣ ಅಂತ ಮುಂದೂಡಿದ್ದೇ ಬಂತು. 1997ರಲ್ಲಿ ದಾವಣಗೆರೆಯೇ ಬೇರೆ ಜಿಲ್ಲೆಯಾಗಿ, ಒಂದೂ ಚೌಕ ತುಂಬದೆ ನನ್ನ ವಿಳಾಸ ಸರಿಹೋಯಿತು.