ಕುರಿಹಟ್ಟಿಯ ತಟ್ಟೆ, ಮೆಕ್ಕೆಜೋಳದ ಲೋಟ: ಶಿಶುವಿಹಾರದಲ್ಲಿ ನಮ್ಮ ಕ್ರಮ

ಚಿತ್ರದುರ್ಗದ ನಮ್ಮ ಶಿಶುವಿಹಾರ ಇರುವುದು ಚರ್ಚಿನ ಆವರಣದಲ್ಲೇ. ಮೂರರಿಂದ ಐದು ವರ್ಷದ 20 ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಾ. ಒಂಬತ್ತೂವರೆಯಿಂದ ಹನ್ನೊಂದರವರೆಗೆ ಗಂಟೆ ಹೊಡೆಯುವುದಿಲ್ಲ, ಪಾಠವೂ ಇಲ್ಲ. ಒಂದೊಂದು ಚಟುವಟಿಕೆಯ ಸಾಮಾನು ಒಂದೊಂದು ತಟ್ಟೆಯಲ್ಲಿರುತ್ತದೆ. ಮಗು ತನಗೆ ಬೇಕಾದ ತಟ್ಟೆ ತೆಗೆದುಕೊಂಡು ಚಾಪೆ ಹಾಸಿ ಕೂರುತ್ತದೆ, ಸಾಕೆನಿಸಿದಾಗ ಇದ್ದ ಜಾಗದಲ್ಲೇ ತಂದಿಡುತ್ತದೆ. ಮೊದಲ ಇಪ್ಪತ್ತು ನಿಮಿಷ ಅದನ್ನು ಮುಟ್ಟಿ ಇದನ್ನು ಮುಟ್ಟಿ ಅಲೆಯುತ್ತಾರೆ. ಗಲಾಟೆ ಆಯಿತೆಂದು ಹೆದರಿ ಸಾಲಾಗಿ ಕೂರಿಸಿಬಿಟ್ಟರೆ, ಆಮೇಲೆ ಬರಬೇಕಾದ ತನ್ಮಯತೆ ಬರುವುದೇ ಇಲ್ಲ.

ತಟ್ಟೆಗಳನ್ನಿಡುವ ಕಪಾಟು ಎರಡೂವರೆ ಅಡಿ ಎತ್ತರ, ಬಾಗಿಲಿಲ್ಲ. ಪ್ರತಿ ಸಾಮಾನೂ ಒಂದೇ ಒಂದು. ಎರಡಿಟ್ಟರೆ ಕಾಯುವುದು ಕಲಿಯುವುದಿಲ್ಲ.

ಹೊಸ ಮಗುವಿಗೆ ಮೊದಲು ಸುರಿಯುವ ತಟ್ಟೆ. ಅಂಚಿರುವ ತಟ್ಟೆಯಲ್ಲಿ ಎರಡು ಪುಟ್ಟ ಸ್ಟೀಲ್ ಲೋಟ, ಒಂದರಲ್ಲಿ ಅರ್ಧದಷ್ಟು ಮೆಕ್ಕೆಜೋಳ. ಪ್ಲಾಸ್ಟಿಕ್ ಲೋಟ ಹಗುರ, ಕೈ ತಗುಲಿದರೆ ಉರುಳುತ್ತದೆ. ಮೆಕ್ಕೆಜೋಳವೇ ಯಾಕೆಂದರೆ ಬಿದ್ದರೆ ಸದ್ದಾಗುತ್ತದೆ, ಹೆಕ್ಕುವುದೂ ಸುಲಭ. ಅದು ಪಳಗಿದ ಮೇಲೆ ಬಿಳಿಜೋಳ, ಆಮೇಲೆ ರಾಗಿ, ಕೊನೆಗೆ ನೀರು. ತೋರಿಸುವಾಗ ಮಾತಾಡಬೇಡಿ. ಕೈ ನೋಡಬೇಕೋ ಬಾಯಿ ನೋಡಬೇಕೋ ಎಂದು ಮಗು ಗೊಂದಲಕ್ಕೆ ಬೀಳುತ್ತದೆ. ಚೆಲ್ಲಿದ ಕಾಳನ್ನು ನಾವು ಹೆಕ್ಕಿಕೊಟ್ಟರೆ ಕಲಿಕೆಯ ಅರ್ಧ ಹೋಯಿತು. ಪಕ್ಕದಲ್ಲಿ ಪುಟ್ಟ ಪೊರಕೆ ಇಟ್ಟಿರಿ. ಮೂರು ತುಂಬದವರಿಗೆ, ಮೂಗಿಗೆ ಕಿವಿಗೆ ತುರುಕಿಕೊಳ್ಳುವವರಿಗೆ ಕಾಳು ಬೇಡವೇ ಬೇಡ. ಉಳಿದವರ ಬಳಿಯೂ ಒಬ್ಬ ಟೀಚರ್ ಇರಲೇಬೇಕು.

ಬೈಬಲ್ ಮೂಲೆಗೆ ಹೆಚ್ಚು ತಯಾರಿ ಬೇಕು. ರೋಮಿನಲ್ಲಿ ಸೋಫಿಯಾ ಕವಲ್ಲೆಟ್ಟಿ ಮತ್ತು ಜಿಯಾನ್ನಾ ಗೊಬ್ಬಿ 1954ರಲ್ಲಿ ಶುರುಮಾಡಿದ, ಮಗು ತನ್ನ ಕೈಯಾರೆ ಮಾಡಿ ಕಲಿಯಲಿ ಎನ್ನುವ ಮಾಂಟೆಸ್ಸೋರಿ ತತ್ವದ ಮೇಲೆ ನಿಂತ ಧರ್ಮಬೋಧನೆಯ ಕ್ರಮ ಇದಕ್ಕೆ ಆಧಾರ. ಅದರ ಹೃದಯ ಒಳ್ಳೆಯ ಕುರಿಗಾಹಿಯ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ. ಕುರಿಹಟ್ಟಿಗೆ ಒಂದಡಿ ಅಗಲದ ದುಂಡು ಪ್ಲೈವುಡ್, ಸುತ್ತ ಎರಡಿಂಚಿನ ಕಡ್ಡಿಗಳ ಬೇಲಿ, ಒಂದೇ ಬಾಗಿಲು. ಮರದ ಹತ್ತು ಕುರಿ, ಒಬ್ಬ ಕುರಿಗಾಹಿ. ಅವನ ಹೆಗಲಿಗೆ ಚಳ್ಳಕೆರೆ ಕಂಬಳಿಯ ಚೂರು, ನಮ್ಮ ಮಕ್ಕಳಿಗೆ ಅದು ಸಾಕು, ಗುರುತು ಹಿಡಿಯುತ್ತಾರೆ. ಯೋಹಾನ 10ನೇ ಅಧ್ಯಾಯದ ಮಾತುಗಳನ್ನೇ ನಿಧಾನವಾಗಿ ಹೇಳುತ್ತಾ ಕುರಿಗಳನ್ನು ಒಂದೊಂದಾಗಿ ಹೊರಗೆ ತರಬೇಕು: ಅವನು ಹೆಸರು ಹಿಡಿದು ಕರೆಯುತ್ತಾನೆ, ಮುಂದೆ ನಡೆಯುತ್ತಾನೆ. ಅದೇ ಅಧ್ಯಾಯದಲ್ಲಿ ಬರುವ ತೋಳವನ್ನೂ ಕೂಲಿಯಾಳನ್ನೂ ಚಿಕ್ಕವರಿಗೆ ತರುವುದಿಲ್ಲ. ಭಯ ಮೊದಲು ಹೊಕ್ಕರೆ ಕುರಿಗಾಹಿ ಮರೆಯಾಗುತ್ತಾನೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, 'ನೀನೇ ಆ ಕುರಿ, ಹೇಳಿದ ಮಾತು ಕೇಳಬೇಕು' ಎಂದು ಮುಗಿಸುವುದು. 'ಈ ಕುರಿಗಳು ಯಾರಿರಬಹುದು?' ಎಂದಷ್ಟೇ ಕೇಳಿ ಬಿಡಿ. ಉತ್ತರ ವಾರಗಟ್ಟಲೆ ಬರದೇ ಇರಬಹುದು. ಅಷ್ಟರಲ್ಲಿ ಮಕ್ಕಳು ಅದೇ ತಟ್ಟೆಯನ್ನು ದಿನಾ ತೆಗೆದು ಕುರಿಗಳನ್ನು ಒಳಗೆ ಹೊರಗೆ ನಡೆಸುತ್ತಿರುತ್ತಾರೆ. 'ನಾಯಿ ಇಲ್ವಾ ಮಿಸ್?' ಎಂದರೆ ಜೇಡಿಮಣ್ಣು ಇಟ್ಟಿರುವ ತಟ್ಟೆ ತೋರಿಸುತ್ತೇವೆ, ಅವರೇ ಮಾಡಿಕೊಳ್ಳಲಿ.

ಬೇರೆ ಧರ್ಮದ ಮನೆಗಳ ಮಕ್ಕಳೂ ಬರುತ್ತಾರೆ. ಈ ಮೂಲೆ ಇದೆಯೆಂದು ಸೇರಿಸಿಕೊಳ್ಳುವಾಗಲೇ ತಂದೆತಾಯಿಗೆ ತೋರಿಸಿ ಹೇಳಬೇಕು. ಪ್ರಾರ್ಥನೆ ಒಂದೆರಡು ನಿಮಿಷ, ಕೈ ಮುಗಿ ಎಂದು ಯಾರಿಗೂ ಹೇಳುವುದಿಲ್ಲ.

'ಇವತ್ತು ಏನು ಬರೆಸಿದ್ರಿ?' ಗೇಟಿನ ಬಳಿ ದಿನವೂ ಕೇಳುವ ಪ್ರಶ್ನೆ ಇದು. ಮೂರರ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ, ಪೆನ್ಸಿಲ್ ಒತ್ತಿ ಹಿಡಿಸಿದರೆ ಕೈ ನೋಯುತ್ತದೆ, ಬರೆಯುವುದೆಂದರೇ ಬೇಸರ ಹುಟ್ಟುತ್ತದೆ. ಹಾಗಾಗಿ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ ಬೆರಳಿನಿಂದ 'ರ', 'ಗ' ತಿದ್ದಿಸುತ್ತೇವೆ. ರವೆಯ ಪದರ ದಪ್ಪಗಾದರೆ ಗೆರೆ ಕಾಣುವುದಿಲ್ಲ. ಕೇಳಿದ ತಾಯಿಯನ್ನೇ ಒಳಗೆ ಕರೆದು ಹತ್ತು ನಿಮಿಷ ಆ ತಟ್ಟೆಯ ಪಕ್ಕ ಕೂರಿಸುತ್ತೇವೆ.